ಚೆನ್ನಾಗಿದ್ದ ದಿನಗಳ ಬಗ್ಗೆಯೂ ಡಾಕ್ಟರಿಗೆ ಹೇಳಬೇಕಿತ್ತು

ನನಗೆ ಬೈಪೋಲಾರ್ ಇದೆ ಎಂದು ಗೊತ್ತಾಗಲು ಏಳು ವರ್ಷ ಹಿಡಿಯಿತು. ಮನಸ್ಸು ಕೆಲವು ಕಾಲ ವಿಪರೀತ ಏರುವ, ಕೆಲವು ಕಾಲ ತೀರ ಕುಗ್ಗುವ ಕಾಯಿಲೆ ಅದು. ಆ ಏಳು ವರ್ಷದಲ್ಲಿ ಮೂರು ಸಲ ಡಾಕ್ಟರ ಹತ್ತಿರ ಹೋಗಿದ್ದೆ. ಮೂರು ಸಲವೂ ಹೋಗಿದ್ದು ಹಾಸಿಗೆಯಿಂದ ಏಳಲಾಗದ ದಿನಗಳಲ್ಲೇ. ಹನ್ನೆರಡು ಗಂಟೆ ಮಲಗಿದರೂ ಆಯಾಸ ಹೋಗುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸ ಅನಿಸುತ್ತಿತ್ತು. ಫೋನ್ ಬಡಿದುಕೊಳ್ಳುತ್ತಿದ್ದರೆ ಅದನ್ನು ದಿಂಬಿನ ಕೆಳಗೆ ತಳ್ಳಿಬಿಡುತ್ತಿದ್ದೆ. ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಖಿನ್ನತೆ ಎಂದರು, ಮಾತ್ರೆ ಬರೆದುಕೊಟ್ಟರು. ನಾನು ಹೇಳಿದ್ದನ್ನು ಕೇಳಿದ ಯಾರಾದರೂ ಅದನ್ನೇ ಹೇಳುತ್ತಿದ್ದರು.

ನಾನು ಹೇಳದೆ ಬಿಟ್ಟಿದ್ದು ಇನ್ನರ್ಧ ಕಥೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಕೆಲವು ವಾರ ನಾನು ತುಂಬ ಚೆನ್ನಾಗಿರುತ್ತಿದ್ದೆ. ಮೂರು ಗಂಟೆ ನಿದ್ದೆ ಸಾಕಾಗುತ್ತಿತ್ತು. ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ಬಂದು ನಿಲ್ಲುತ್ತಿತ್ತು. ಮಾತು ಜಾಸ್ತಿ, ಕೆಲಸ ಜಾಸ್ತಿ, ಧೈರ್ಯ ಜಾಸ್ತಿ. ಕಚೇರಿಯಲ್ಲಿ ಎಲ್ಲರೂ ಹೊಗಳುತ್ತಿದ್ದರು. ನಿಜವಾದ ನಾನು ಅಂದರೆ ಇದೇ, ಉಳಿದದ್ದೆಲ್ಲ ಕಾಯಿಲೆ ಎಂದುಕೊಂಡಿದ್ದೆ. ಖುಷಿಯಾಗಿದ್ದೇನೆ ಎಂದು ಹೇಳಿಕೊಳ್ಳಲು ಯಾರಾದರೂ ಆಸ್ಪತ್ರೆಗೆ ಹೋಗುತ್ತಾರಾ?

ಮೂರನೇ ಸಲ ಖಿನ್ನತೆಗೆ ಮಾತ್ರೆ ಶುರುವಾದ ಮೇಲೆ ಹತ್ತೇ ದಿನದಲ್ಲಿ ಎಲ್ಲ ಬದಲಾಯಿತು. ಬೈಪೋಲಾರ್ ಇರುವ ಕೆಲವರಿಗೆ ಬರೀ ಆಂಟಿಡಿಪ್ರೆಸೆಂಟ್ ಮಾತ್ರೆ ಕೊಟ್ಟರೆ ಮನಸ್ಸು ಕೆಳಗಿನಿಂದ ನೇರ ಮೇಲಕ್ಕೆ ಹಾರಿಬಿಡಬಹುದು. ನನಗೆ ಆಗ ಅದು ಗೊತ್ತಿರಲಿಲ್ಲ. ನಿದ್ದೆ ಎರಡು ಗಂಟೆಗೆ ಇಳಿಯಿತು, ಆಮೇಲೆ ನಿಂತೇಹೋಯಿತು. ಒಂದೇ ವಾರದಲ್ಲಿ ಮೂರು ಕ್ಯಾಮೆರಾ ಕೊಂಡೆ. ರಾತ್ರಿ ಎರಡು ಗಂಟೆಗೆ ಇಮೇಲ್ ಬರೆದು ಕೆಲಸ ಬಿಟ್ಟೆ. ನನ್ನ ಹೊಸ ಯೋಜನೆಗಾಗಿ ದೊಡ್ಡ ದೊಡ್ಡವರೆಲ್ಲ ಕಾಯುತ್ತಿದ್ದಾರೆ ಎಂದು ಗಟ್ಟಿಯಾಗಿ ನಂಬಿದ್ದೆ. "ಸ್ವಲ್ಪ ಮಲಗೇ" ಎಂದ ಅಕ್ಕನ ಮೇಲೆ ಕೂಗಾಡಿದೆ. ಅವಳು ಅಳುತ್ತಿದ್ದಳು. ನನಗೆ ಅದು ಕಾಣಲೇ ಇಲ್ಲ.

ಅಕ್ಕನೇ ನನ್ನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ನನ್ನ ಮಾತು ಕೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಇವರು ಮುಂಚೆ ಯಾವಾಗಾದ್ರೂ ಹೀಗಿದ್ರಾ?" ಎಂದರು.

"ಇಷ್ಟೊಂದು ಅಲ್ಲ ಡಾಕ್ಟ್ರೇ. ಆದ್ರೆ ಇದ್ಲು. ಆಗೆಲ್ಲ ಮನೆಯಲ್ಲಿ ನಾವು ಸ್ವಲ್ಪ ಹುಷಾರಾಗಿರ್ತಿದ್ವಿ."

ಮನೆಯವರೆಲ್ಲ ಇಷ್ಟು ವರ್ಷ ನೋಡಿಕೊಂಡು ಬಂದಿದ್ದು ನನ್ನೊಬ್ಬಳಿಗೆ ಮಾತ್ರ ಗೊತ್ತಿರಲಿಲ್ಲ. ಮೊದಲ ಸಲ ಡಾಕ್ಟರ ಹತ್ತಿರ ಹೋಗುವವರಿಗೆ ಅದಕ್ಕೇ ಒಂದು ಮಾತು ಹೇಳುತ್ತೇನೆ. ನಿಮ್ಮನ್ನು ಹತ್ತಿರದಿಂದ ನೋಡಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೇಲೆ ಹೋದಾಗ ನಾವು ಹೇಗಿರುತ್ತೇವೆ ಎಂದು ನಮಗೆ ತಿಳಿಯುವುದಿಲ್ಲ.

ಆ ಸಲ ಮೂರು ವಾರ ಆಸ್ಪತ್ರೆಯಲ್ಲಿದ್ದೆ. ನಿದ್ದೆ ಮರಳಿತು, ಅದರ ಹಿಂದೆಯೇ ನಾಚಿಕೆಯೂ ಬಂತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಮನೆಗೆ ಬಂದ ಮೇಲೆ ಡಾಕ್ಟರ್ ಒಂದು ಕೆಲಸ ಕೊಟ್ಟರು. ಅಕ್ಕನೂ ನಾನೂ ನೆಲದ ಮೇಲೆ ಉದ್ದದ ಕಾಗದ ಹಾಸಿಕೊಂಡು ಕೂತೆವು. ನಡುವೆ ಒಂದು ಗೆರೆ ಎಳೆದೆವು. ಗೆರೆಯ ಮೇಲೆ ಚೆನ್ನಾಗಿದ್ದ ದಿನಗಳು, ಕೆಳಗೆ ಕುಗ್ಗಿದ ದಿನಗಳು. ನೆನಪಿಗೆ ಬಾರದಿದ್ದಾಗ ಹಳೇ ಫೋಟೊ, ಬ್ಯಾಂಕ್ ಲೆಕ್ಕ, ಮೆಸೇಜುಗಳನ್ನು ತೆರೆದು ನೋಡಿದೆವು. ಮೆಸೇಜುಗಳೇ ಜಾಸ್ತಿ ಹೇಳಿದವು. ಕೆಲವು ತಿಂಗಳಲ್ಲಿ ದಿನಕ್ಕೆ ನೂರು ಮೆಸೇಜು, ಹೆಚ್ಚಿನವು ನಡುರಾತ್ರಿಯವು. ಕೆಲವು ತಿಂಗಳಲ್ಲಿ ಒಂದೂ ಇಲ್ಲ. ಕಾಗದ ತುಂಬಿದಾಗ ಏಳು ವರ್ಷದ ಏರಿಳಿತ ಕಣ್ಣ ಮುಂದೆ ಇತ್ತು. ನನ್ನ ಕಾಯಿಲೆ ನನಗೆ ಅರ್ಥವಾಗಿದ್ದು ಆ ಕಾಗದದಿಂದ.

ಬೆಳಿಗ್ಗೆ ಖುಷಿ, ಸಂಜೆ ಬೇಜಾರು ಇದ್ದರೆ ಅದನ್ನು ಬೈಪೋಲಾರ್ ಅನ್ನುವುದಿಲ್ಲ. ಆ ಪದವನ್ನು ಈಗ ಎಲ್ಲರೂ ಸುಮ್ನೆ ಬಳಸುತ್ತಾರೆ, ಕೇಳಿದಾಗ ನೋವಾಗುತ್ತದೆ. ಸಾಮಾನ್ಯವಾಗಿ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ದಿನ ಮನಸ್ಸು ವಿಪರೀತ ಏರಿ ಬದುಕೇ ಅಸ್ತವ್ಯಸ್ತವಾದರೆ ಅದು ಮೇನಿಯಾ. ಅದಕ್ಕಿಂತ ಹಗುರವಾಗಿ, ಕನಿಷ್ಠ 4 ದಿನ ಇರುವುದು ಹೈಪೋಮೇನಿಯಾ. ಖಿನ್ನತೆ ಎನ್ನಲು ಕನಿಷ್ಠ 2 ವಾರ ಹಾಗೇ ಇರಬೇಕು. ಹೈಪೋಮೇನಿಯಾ ಮತ್ತು ಖಿನ್ನತೆ ಮಾತ್ರ ಇದ್ದರೆ ಎರಡನೇ ಬಗೆಯ ಬೈಪೋಲಾರ್ ಎನ್ನುತ್ತಾರೆ. ಒಮ್ಮೆ ಪೂರ್ತಿ ಮೇನಿಯಾ ಬಂದರೂ ಅದು ಮೊದಲನೇ ಬಗೆ. ನನ್ನದು ಆ ಮೊದಲನೆಯದು. ಇದನ್ನು ಖಚಿತವಾಗಿ ಹೇಳುವ ರಕ್ತ ಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಥೈರಾಯ್ಡ್ ಜಾಸ್ತಿಯಾದರೂ ಮನುಷ್ಯ ಹೀಗೆ ಚಡಪಡಿಸಬಹುದು, ಹಾಗಾಗಿ ಅದನ್ನು ಪರೀಕ್ಷಿಸಿ ಬದಿಗಿಟ್ಟರು. ಉಳಿದದ್ದೆಲ್ಲ ನಮ್ಮ ಕಥೆಯಿಂದಲೇ ಗೊತ್ತಾಗಬೇಕು. ಅರ್ಧ ಕಥೆ ಹೇಳಿದರೆ ಅರ್ಧ ಚಿಕಿತ್ಸೆ ಸಿಗುತ್ತದೆ.

ನನಗೆ ಲಿಥಿಯಂ ಶುರು ಮಾಡಿದರು. ಇದು ಹಳೇ ಔಷಧಿ. ಮೇನಿಯಾಕ್ಕೆ ಇದು ಕೆಲಸ ಮಾಡುತ್ತದೆ ಎಂದು ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಪ್ರಕಟಿಸಿದ್ದು 1949ರಲ್ಲಿ. ಆಮೇಲೆ ಎಷ್ಟೋ ಮಾತ್ರೆ ಬಂದರೂ ಇದನ್ನು ಇನ್ನೂ ಕೊಡುತ್ತಾರೆ. ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುವ ಔಷಧಿ ಎಂದೂ ಇದಕ್ಕೆ ಹೆಸರಿದೆ. ಆದರೆ ಅಳತೆ ತಪ್ಪುವಂತಿಲ್ಲ. ನನ್ನ ರಕ್ತದಲ್ಲಿ ಅದನ್ನು ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಒಳಗೆ ಇಡುತ್ತಾರೆ. ಪರೀಕ್ಷೆಗೆ ರಕ್ತ ಕೊಡಬೇಕಾದ್ದು ರಾತ್ರಿಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ. ಮೊದಲ ಸಲ ಬೆಳಗಿನ ಮಾತ್ರೆ ನುಂಗಿಯೇ ಹೋಗಿದ್ದೆ, ಲೆಕ್ಕ ತಪ್ಪಾಗಿ ಬಂತು. ಆರು ತಿಂಗಳಿಗೊಮ್ಮೆ ಕಿಡ್ನಿ, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಕೂಡ ನೋಡುತ್ತಾರೆ. ಬಾಯಾರಿಕೆ ಜಾಸ್ತಿ, ಬೆರಳು ಸ್ವಲ್ಪ ನಡುಗುತ್ತದೆ. ಅದಕ್ಕೆ ಹೊಂದಿಕೊಂಡಿದ್ದೇನೆ.

ಒಮ್ಮೆ ಎರಡು ದಿನ ವಾಂತಿ ಭೇದಿ ಆಯಿತು. ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಕೈ ಜೋರಾಗಿ ನಡುಗತೊಡಗಿತು, ನಡೆಯುವಾಗ ಹೆಜ್ಜೆ ತಪ್ಪಿತು. ಕಾಯದೆ ಹೋಗಿ ಪರೀಕ್ಷೆ ಮಾಡಿಸಿದ್ದಕ್ಕೆ ಅಪಾಯ ತಪ್ಪಿತು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ ಇದೇ ತೊಂದರೆ ಮಾಡಬಹುದು. ಈಗ ಹಲ್ಲು ನೋವಾದರೂ "ನಾನು ಲಿಥಿಯಂ ತಗೊಳ್ತೀನಿ" ಎಂದೇ ಮಾತು ಶುರು ಮಾಡುತ್ತೇನೆ. ಎಲ್ಲರಿಗೂ ಲಿಥಿಯಂ ಒಗ್ಗುವುದಿಲ್ಲ. ಬೇರೆ ಮಾತ್ರೆಗಳಿವೆ, ಅವಕ್ಕೂ ಅವುಗಳದೇ ಎಚ್ಚರಿಕೆಗಳಿವೆ. ಮಗು ಬೇಕು ಎನ್ನುವ ಯೋಚನೆ ಇರುವ ಹೆಂಗಸರು ಅದನ್ನು ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಬೇಕು. ವ್ಯಾಲ್‌ಪ್ರೊಯೇಟ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು.

ಒಂದೂವರೆ ವರ್ಷದ ಮೇಲೆ ಮಾತ್ರೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಚೆನ್ನಾಗಿದ್ದೀನಲ್ಲ, ಇನ್ಯಾಕೆ ಅನಿಸಿತ್ತು. ನಿಜ ಹೇಳಬೇಕೆಂದರೆ ಕಾರಣ ಅದೊಂದೇ ಅಲ್ಲ. ಆ ಎತ್ತರ ನನಗೆ ಬೇಕಿತ್ತು. ಬಣ್ಣಗಳು ಹೊಳೆಯುತ್ತಿದ್ದ, ಯಾವ ಮಾತೂ ತಡವರಿಸದ ಆ ದಿನಗಳನ್ನು ಕಳೆದುಕೊಂಡ ದುಃಖ ಇತ್ತು. ಬೈಪೋಲಾರ್ ಇರುವವರಿಗೆ ಇದು ಅರ್ಥವಾಗುತ್ತದೆ, ಅಲ್ವಾ? ಆರು ವಾರದಲ್ಲಿ ನಿದ್ದೆ ಮತ್ತೆ ಕೈಕೊಟ್ಟಿತು. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ನಿಲ್ಲಿಸಲೇಬೇಕಾದರೆ ಡಾಕ್ಟರ ಜೊತೆ ಮಾತಾಡಿ, ವಾರಗಟ್ಟಲೆ ತಗೊಂಡು ನಿಧಾನವಾಗಿ ಇಳಿಸಬೇಕು. ಡಾಕ್ಟರ್ ನನ್ನನ್ನು ಬೈಯಲಿಲ್ಲ. "ಆ ದಿನಗಳಲ್ಲಿ ನಿಮಗೆ ಯಾವುದು ಇಷ್ಟ ಆಗ್ತಿತ್ತು ಹೇಳಿ" ಎಂದರು. ನನ್ನ ಖುಷಿಯ ಬಗ್ಗೆ ಒಬ್ಬರು ವೈದ್ಯರ ಹತ್ತಿರ ಬಾಯಿ ತುಂಬ ಮಾತಾಡಿದ್ದು ಅವತ್ತೇ ಮೊದಲು. ಮಾತ್ರೆಯನ್ನು ಮನಸಾರೆ ಒಪ್ಪಿಕೊಂಡಿದ್ದೂ ಅವತ್ತೇ.

ಕುಗ್ಗಿದ ದಿನಗಳ ಬಗ್ಗೆಯೂ ಒಂದು ಮಾತು. ಒಂದು ರಾತ್ರಿ ಅಕ್ಕ ನನ್ನ ಪಕ್ಕ ಕೂತು, "ಸಾಯ್ಬೇಕು ಅನ್ನಿಸ್ತಾ ಇದೆಯಾ?" ಎಂದು ನೇರವಾಗಿ ಕೇಳಿದಳು. ಹೌದು ಎಂದೆ. ಕೇಳಿದ್ದರಿಂದ ಆ ಯೋಚನೆ ಬೆಳೆಯಲಿಲ್ಲ, ನನ್ನ ಎದೆಯ ಭಾರ ಇಳಿಯಿತು. ಅವಳು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ತನ್ನ ಹತ್ತಿರ ಇಟ್ಟುಕೊಂಡಳು, ಬೆಳಗಾಗುವವರೆಗೆ ಜೊತೆಗಿದ್ದಳು, ಡಾಕ್ಟರಿಗೆ ಫೋನ್ ಮಾಡಿದಳು. ನಿಮ್ಮವರ ಬಗ್ಗೆ ನಿಮಗೆ ಅಂಥ ಅನುಮಾನ ಇದ್ದರೆ ದಯವಿಟ್ಟು ಕೇಳಿ. ಆ ಯೋಚನೆ ನಿಮಗೇ ಬರುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ.

ಈಗ ನನ್ನ ಹತ್ತಿರ ಒಂದು ಪುಟ್ಟ ಪುಸ್ತಕ ಇದೆ. ದಿನಕ್ಕೆ ಎರಡೇ ಸಂಖ್ಯೆ ಬರೆಯುತ್ತೇನೆ. ಎಷ್ಟು ಗಂಟೆ ನಿದ್ದೆ ಬಂತು, ಮನಸ್ಸು ಎಷ್ಟು ಏರಿದೆ ಅಥವಾ ಇಳಿದಿದೆ. ಮೊದಮೊದಲು ಹತ್ತು ವಿಷಯ ಬರೆಯಲು ಹೋಗಿ ಒಂದೇ ವಾರಕ್ಕೆ ಬಿಟ್ಟಿದ್ದೆ. ಎರಡೇ ಆದರೆ ಬಿಡುವುದಿಲ್ಲ. ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲದಿದ್ದರೂ ಏಳುವ ಹೊತ್ತು ಇದೆ, ಹಾಗಾಗಿ ರಜೆಯಲ್ಲೂ ಒಂದೇ ಹೊತ್ತಿಗೆ ಏಳುತ್ತೇನೆ. ಅಕ್ಕನ ಜೊತೆ ಒಂದು ಒಪ್ಪಂದವನ್ನೂ ಬರೆದಿಟ್ಟಿದ್ದೇನೆ. ಸಮಾಧಾನವಾಗಿದ್ದಾಗ ಬರೆದಿದ್ದು, ಏರಿದಾಗ ನಾನು ಯಾವುದಕ್ಕೂ ಒಪ್ಪುವುದಿಲ್ಲ. ಮೂರು ರಾತ್ರಿ ಸಾಲಾಗಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾದರೆ ಡಾಕ್ಟರಿಗೆ ಫೋನ್ ಮಾಡಬೇಕು. ಬ್ಯಾಂಕ್ ಕಾರ್ಡು ಅವಳಿಗೆ ಕೊಡಬೇಕು. "ನಿದ್ದೆ ಎಷ್ಟಾಯ್ತು?" ಎಂದು ಅವಳು ಯಾವಾಗ ಬೇಕಾದರೂ ಕೇಳಬಹುದು, ನಾನು ಸಿಡುಕಬಾರದು.

ಹೋದ ತಿಂಗಳು ಪುಸ್ತಕದಲ್ಲಿ ಎರಡು ದಿನ ಸಾಲಾಗಿ 4 ಬಂತು. ಮನಸ್ಸು ತುಂಬ ಚೆನ್ನಾಗಿತ್ತು, ಹೊಸ ಕೆಲಸವೊಂದರ ಯೋಚನೆ ತಲೆಯಲ್ಲಿ ಓಡುತ್ತಿತ್ತು. ಮೂರನೇ ರಾತ್ರಿಗೆ ಕಾಯಲಿಲ್ಲ. ಡಾಕ್ಟರಿಗೆ ನಾನೇ ಫೋನ್ ಮಾಡಿ, "ಡಾಕ್ಟ್ರೇ, ತುಂಬ ಖುಷಿಯಾಗಿದ್ದೀನಿ, ಅದಕ್ಕೇ ಫೋನ್ ಮಾಡಿದೆ" ಎಂದೆ. ಅವರು ರಾತ್ರಿಯ ಮಾತ್ರೆಯನ್ನು ಕೆಲವು ದಿನಕ್ಕೆ ಬದಲಾಯಿಸಿದರು. ಅಕ್ಕ ಬಂದು ಎರಡು ರಾತ್ರಿ ನನ್ನ ಕೋಣೆಯಲ್ಲೇ ಮಲಗಿದಳು. ಐದನೇ ದಿನ ಬೆಳಿಗ್ಗೆ ಪುಸ್ತಕ ತೆಗೆದು 7 ಎಂದು ಬರೆದೆ.