ಲಿಥಿಯಂ ಮಾತ್ರೆ, ಪಾಳಿ ಕೆಲಸ: ಆಫೀಸಿನಲ್ಲಿ ಏನು ಕೇಳಬೇಕು, ಎಷ್ಟು ಹೇಳಬೇಕು

ಬೈಪೋಲಾರ್ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗಾಡುವ ಕಾಯಿಲೆ) ಇದ್ದವರಿಗೆ ಐಟಿ ಕೆಲಸದ ಒತ್ತಡಕ್ಕಿಂತ ಹೆಚ್ಚು ಕಾಡುವುದು ವಾರವಾರ ಬದಲಾಗುವ ಪಾಳಿ. ಎರಡು ಮೂರು ರಾತ್ರಿ ನಿದ್ದೆಗೆಟ್ಟರೆ ಉನ್ಮಾದ, ಅಂದರೆ ಆ ಅತಿ ಉತ್ಸಾಹದ ಹಂತ, ತಲೆಯೆತ್ತಬಹುದು. ಹಾಗಾಗಿ ನಾನು ಆಫೀಸಿನಲ್ಲಿ ಕೇಳಿದ್ದು ಒಂದೇ: ಕಾಯಂ ಹಗಲು ಪಾಳಿ.

ಟೀಮ್ ಲೀಡ್‌ಗೆ ಬಾಯಿಮಾತಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಲೀಡ್ ಬದಲಾದರೆ ಹೆಸರು ಮತ್ತೆ ರಾತ್ರಿ ರೋಸ್ಟರ್‌ಗೆ ಬೀಳುತ್ತದೆ. ಎಚ್‌ಆರ್‌ಗೆ ಇಮೇಲ್ ಹಾಕಿ. ಡಾಕ್ಟರ ಪತ್ರದಲ್ಲಿ ಕಾಯಿಲೆಯ ಹೆಸರು ಬೇಕಿಲ್ಲ. ‘ನಿಯಮಿತ ನಿದ್ದೆ ಅಗತ್ಯ, ರಾತ್ರಿ ಪಾಳಿ ಹಾಗೂ ಬದಲಾಗುವ ಪಾಳಿ ಬೇಡ, ಆರು ತಿಂಗಳ ನಂತರ ಮರುಪರಿಶೀಲನೆ’ ಎಂದಿದ್ದರೆ ಸಾಕು. ಆದರೆ ಲೆಟರ್‌ಹೆಡ್ ಮೇಲೆ ‘ಮನೋವೈದ್ಯರು’ ಎಂದು ಅಚ್ಚಾಗಿರುತ್ತದಲ್ಲ, ಮುಚ್ಚಿಟ್ಟದ್ದನ್ನೆಲ್ಲ ಅದೇ ಹೇಳಿಬಿಡುತ್ತದೆ! ಆದ್ದರಿಂದ ಪತ್ರವನ್ನು ಕಂಪನಿ ಡಾಕ್ಟರಿಗೋ ಎಚ್‌ಆರ್‌ನ ಒಬ್ಬರಿಗೋ ಮಾತ್ರ ಕೊಡಿ; ಮ್ಯಾನೇಜರ್‌ಗೆ ‘ಹಗಲು ಪಾಳಿ ಮಾತ್ರ’ ಎಂಬ ಒಂದು ಸಾಲು ಹೋದರೆ ಆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಹೊಂದಿರಬೇಕು. ನೀತಿಯ ಪ್ರತಿ ಕೇಳಿ ಇಮೇಲ್ ಮಾಡಿದರೆ ಉತ್ತರ ಸ್ವಲ್ಪ ಚುರುಕಾಗಿ ಬರುತ್ತದೆ.

ರಾತ್ರಿ ಹತ್ತರ ನಂತರ ಬರೆದ ಇಮೇಲ್ ಬೆಳಿಗ್ಗೆ ಒಂಬತ್ತಕ್ಕೇ ಹೋಗುವಂತೆ ಶೆಡ್ಯೂಲ್ ಮಾಡುತ್ತೇನೆ. ಬೆಳಿಗ್ಗೆ ಓದಿದಾಗ ಅದು ಮೂರು ಪುಟವಿದ್ದು, ಇಡೀ ವಿಭಾಗಕ್ಕೆ ಸಿಸಿ ಆಗಿದ್ದರೆ ಉನ್ಮಾದ ಶುರುವಾಗುತ್ತಿದೆ, ಡಾಕ್ಟರಿಗೆ ಫೋನ್ ಮಾಡುವ ಹೊತ್ತು ಬಂತು ಎಂದರ್ಥ. ಅಷ್ಟು ಹೊತ್ತಿಗೆ ‘ನಾಲ್ಕು ತಾಸು ನಿದ್ದೆ ಸಾಕು, ಸುಸ್ತೇ ಇಲ್ಲ’ ಅನ್ನಿಸಲೂ ಶುರುವಾಗಿರುತ್ತದೆ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ರಕ್ತದಲ್ಲಿ ಹೆಚ್ಚಾದರೆ ವಿಷವಾಗುತ್ತದೆ; ಅದರ ಮಟ್ಟ ನೋಡಲು ಕೊನೆಯ ಮಾತ್ರೆ ನುಂಗಿ 12 ತಾಸು ಕಳೆದ ಮೇಲೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್‌ನಲ್ಲಿರಿ, ಆ ದಿನದ ಮೀಟಿಂಗ್ ಹನ್ನೊಂದಕ್ಕೆ ಇಟ್ಟುಕೊಳ್ಳಿ. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ಮೇಲೆಯೇ. ಮೊದಲೇ ನುಂಗಿದರೆ ಮಟ್ಟ ಸುಳ್ಳೇ ಏರಿ ಕಾಣುತ್ತದೆ. ಥೈರಾಯ್ಡ್ ಪರೀಕ್ಷೆಯೂ, ಕಿಡ್ನಿ ಹೇಗಿದೆ ಎಂದು ನೋಡುವ ಕ್ರಿಯಾಟಿನಿನ್ ಪರೀಕ್ಷೆಯೂ ಆರು ತಿಂಗಳಿಗೊಮ್ಮೆ ಆಗಬೇಕು.

ಮೆಷಿನ್ ಕಾಫಿಯ ಲೆಕ್ಕವೂ ಇದೆ. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ದಿನಕ್ಕೆ ಐದು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ರಕ್ತದಲ್ಲಿ ಮಟ್ಟ ಏರುತ್ತದೆ. ಉಪ್ಪನ್ನೂ ದಿಢೀರನೆ ಬಿಡಬಾರದು. ತಲೆನೋವಿಗೆ ಆಫೀಸಿನ ಔಷಧ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಬೇಡಿ, ಅವೂ ಮಟ್ಟ ಏರಿಸುತ್ತವೆ; ಪ್ಯಾರಾಸಿಟಮಾಲ್ ನಡೆಯುತ್ತದೆ. ಬಿಸಿಲಲ್ಲಿ ಟೀಮ್ ಔಟಿಂಗ್‌ಗೆ ಹೋದಾಗ ಬೆವರಿ ನೀರು ಕಡಿಮೆಯಾದರೂ, ವಾಂತಿಭೇದಿಯಾದರೂ ಮಟ್ಟ ಏರುತ್ತದೆ. ಬೆರಳು ಸಣ್ಣಗೆ ನಡುಗುವುದು ಮಾಮೂಲು. ನಡುಕ ಜೋರಾಗಿ, ನಡಿಗೆ ತೂರಾಡಿ, ಮಾತು ತೊದಲಿದರೆ ಮುಂದಿನ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೋಗಿ.