ಬೆಳಿಗ್ಗೆ ಗುಡ್ಡ, ಸಂಜೆ ಸಂತೆ: ದುರ್ಗದಿಂದ ಒಂದು ದಿನದ ಸುತ್ತಾಟ

ಬೆಳಿಗ್ಗೆ ಹಿರೇಬೆಣಕಲ್ ಗುಡ್ಡದ ಹಳೆಯ ಬಂಡೆಚಿತ್ರ, ಕಲ್ಲಿನ ಗೋರಿ; ಸಂಜೆ ದಾರಿಯ ಸಂತೆ. ಮೊದಲು ದಿನ ಗೊತ್ತು ಮಾಡಿಕೊಳ್ಳಿ. ರಜೆ ನೋಡಿ ಅಲ್ಲ, ಸಂತೆ ನೋಡಿ. ಚಿತ್ರದುರ್ಗದಿಂದ ಕೂಡ್ಲಿಗಿ, ಹೊಸಪೇಟೆ ದಾಟಿ ಗಂಗಾವತಿ ಕಡೆ ಹೋಗುವ ದಾರಿಯಲ್ಲಿ ಒಂದೊಂದು ಊರಿಗೆ ಒಂದೊಂದು ವಾರ ಸಂತೆ. "ಅಣ್ಣಾ, ಗುರುವಾರ ಯಾವೂರ ಸಂತೆ?" ಎಂದು ಆ ದಾರಿಯ ಬಸ್ ಕಂಡಕ್ಟರನ್ನು ಕೇಳಿ. ಮೊಬೈಲಿಗಿಂತ ಅವರ ಮಾತೇ ಗಟ್ಟಿ.

ನಾನು ಮೊದಲ ಸಲ ಸಂತೆಗೇ ನುಗ್ಗಿದ್ದೆ. ಒಂದು ಕುಂಬಳಕಾಯಿ, ಎರಡು ಪೊರಕೆ, ಮೂರು ಗುಡ್ಡೆ ಬದನೆಕಾಯಿ ಕಾರಿಗೆ ತುಂಬಿಕೊಂಡು ಗುಡ್ಡದ ಬುಡ ಸೇರುವಾಗ ಮಧ್ಯಾಹ್ನ ಹನ್ನೆರಡು. ಬಂಡೆ ಕಾದ ಹಂಚಾಗಿತ್ತು. ಅರ್ಧ ದಾರಿಗೇ ವಾಪಸ್. ಅದಕ್ಕೇ ಹೇಳುವುದು, ಬೆಳಿಗ್ಗೆಯೇ ಗುಡ್ಡ ಹತ್ತಿ.

ನಸುಕಿನ 4 ಗಂಟೆಗೆ ಹೊರಡಿ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗಂಗಾವತಿಯಿಂದ ಸುಮಾರು 10 ಕಿ.ಮೀ. ದುರ್ಗದಿಂದ ಮೂರು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ತಲಾ 2 ಲೀಟರ್ ನೀರು, ಬುತ್ತಿ ಮನೆಯಿಂದಲೇ ಇರಲಿ. ಗುಡ್ಡದ ಮೇಲೆ ಅಂಗಡಿ ಇಲ್ಲ. ಊರಲ್ಲಿ "ಮೋರ್ಯರ ಗುಡ್ಡ" ಎಂದು ಕೇಳಿ, ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎಷ್ಟು ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಚಿತ್ರಗಳಿರುವುದು ಕಲ್ಲಾಸರೆಯಲ್ಲಿ, ಅಂದರೆ ಸೂರಿನ ಹಾಗೆ ಚಾಚಿದ ಬಂಡೆಯಡಿ. ಅದರ ಕೆಳಗೆ ಹೋದ ಕೂಡಲೇ ಫೋನ್ ತೆಗೆಯಬೇಡಿ. ಐದು ನಿಮಿಷ ಸುಮ್ನೆ ಕೂತಿರಿ. ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಬರೀ ಕೆಂಪು ಕಲೆ ಕಾಣುತ್ತದೆ, ಯಾರೋ ಎಲೆಅಡಿಕೆ ಉಗುಳಿದ ಹಾಗೆ. ಕೋಡು ಹುಡುಕಿ. ಕೋಡು ಸಿಕ್ಕರೆ ಕತ್ತು ಸಿಗುತ್ತದೆ, ಆಮೇಲೆ ಬೆನ್ನು, ಕಾಲು. ಒಂದು ಜಿಂಕೆ ಕಂಡಿತೋ, ಪಕ್ಕದ ದನ, ಸಾಲಾಗಿ ನಿಂತ ಜನ ಎಲ್ಲ ತಾವಾಗಿ ಮೂಡುತ್ತಾರೆ. ಬಣ್ಣ ಎದ್ದು ಕಾಣಲಿ ಅಂತ ಕೆಲವರು ನೀರು ಎರಚುತ್ತಾರೆ. ದಯವಿಟ್ಟು ಬೇಡ. ಸೀಮೆಸುಣ್ಣ, ಬೆರಳು ಎರಡೂ ದೂರ ಇರಲಿ.

ಮೇಲೆ ಸುಮಾರು 400 ಕಲ್ಗೋರಿಗಳಿವೆ, 2000 ವರ್ಷಕ್ಕೂ ಹಳೆಯವು. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಮನೆಗಳು. ಕೆಲವಕ್ಕೆ ದುಂಡನೆಯ ಕಿಂಡಿ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಈ ಜಾಗ ಸೇರಿದೆ. ಹತ್ತೂವರೆಗೆ ಇಳಿಯಲು ಶುರುಮಾಡಿ.

ವಾಪಸ್ ಬರುವಾಗ ಮೂರರ ಹೊತ್ತಿಗೆ ಸಂತೆ ಸೇರಿದರೆ ಚೆನ್ನ. ಮೊದಲು ಮಂಡಕ್ಕಿ, ಮಿರ್ಚಿ. ಚೌಕಾಸಿ ಆಮೇಲೆ. ಹೊತ್ತು ಇಳಿದಂತೆ ಗುಡ್ಡೆ ದೊಡ್ಡದಾಗುತ್ತದೆ, ರೇಟು ಇಳಿಯುತ್ತದೆ. ಉಳಿದ ಮಾಲನ್ನು ಊರಿಗೆ ಹೊತ್ತು ಹೋಗುವವರು ಯಾರು, ಅಲ್ವಾ?

ಹಬ್ಬದ ಹಿಂದೆಮುಂದೆ ಹೋದರೆ ಕೆಮ್ಮಣ್ಣು ಮಾರುವವರನ್ನು ಹುಡುಕಿ. ಎರಡನೇ ಸಲ ಹೋದಾಗ ನಾನೊಂದು ಹೆಂಟೆ ತೆಗೆದುಕೊಂಡು, ಬೆರಳು ಒದ್ದೆ ಮಾಡಿ ಉಜ್ಜಿದೆ. ಬೆಳಿಗ್ಗೆ ಬಂಡೆಯ ಮೇಲೆ ಕಂಡಿದ್ದ ಅದೇ ಕೆಂಪು. ಎರಡಕ್ಕೂ ಆ ಬಣ್ಣ ಬರುವುದು ಮಣ್ಣಿನೊಳಗಿನ ಕಬ್ಬಿಣದಿಂದ. ಮಣ್ಣು ಮಾರುತ್ತಿದ್ದ ಅಜ್ಜಿ ನನ್ನ ಬೆರಳನ್ನೇ ನೋಡುತ್ತಿದ್ದರು.

"ಎಲ್ಲಿಗೆ ಬಳಿಯಾಕಪ್ಪಾ, ಕಟ್ಟೆಗೋ ಗೋಡೆಗೋ?"

ಗೋಡೆಗೆ ಅಂದೆ. ಹಾಗಾದರೆ ಒಂದು ಸಾಲದು ಎಂದು ಇನ್ನೆರಡು ಹೆಂಟೆ ಚೀಲಕ್ಕೆ ಹಾಕಿದರು.