ಬಟ್ರೆಸ್: ಗೋಡೆಗೂ ವಾದಕ್ಕೂ ಆಸರೆ ಕೊಡುವ ಪದ

ಇಂಗ್ಲಿಷ್‌ನಲ್ಲಿ ಬರೆಯುವಾಗ ಎಲ್ಲದಕ್ಕೂ ‘ಸಪೋರ್ಟ್’ ಅಂತಲೇ ಹಾಕುತ್ತೇವೆ, ಅಲ್ವಾ? ಒಂದ್ಸಲ ‘ಬಟ್ರೆಸ್’ ಬಳಸಿ ನೋಡಿ, ನನಗಂತೂ ತುಂಬಾ ಇಷ್ಟದ ಪದ. ಮೊದಲಿಗೆ ಇದು ಕಟ್ಟಡದ ಮಾತು. ಎತ್ತರದ ಗೋಡೆ ಹೊರಕ್ಕೆ ವಾಲದಂತೆ ಹೊರಗಡೆಯಿಂದ ಒತ್ತಿ ಹಿಡಿಯುವ ಕಲ್ಲಿನ ಆಸರೆ. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಹಿಂಭಾಗದ ಫೋಟೋದಲ್ಲಿ ಅರ್ಧ ಕಮಾನಿನ ಹಾಗೆ ಚಾಚಿಕೊಂಡು ಗೋಡೆಗೆ ತಾಗಿರುತ್ತವಲ್ಲ, ಅವೇ. ಈ ಚಿತ್ರ ತಲೆಯಲ್ಲಿದ್ದರೆ ಬಳಕೆ ತಪ್ಪುವುದಿಲ್ಲ. ಆಗಲೇ ನಿಂತಿರುವ ವಾದವನ್ನು ಸಾಕ್ಷಿ ಕೊಟ್ಟು ಗಟ್ಟಿ ಮಾಡಿದಾಗ ‘ಷಿ ಬಟ್ರೆಸ್ಡ್ ಹರ್ ಆರ್ಗ್ಯುಮೆಂಟ್ ವಿತ್ ಫ್ಯಾಕ್ಟ್ಸ್’ ಅನ್ನಬಹುದು. ಕಷ್ಟದಲ್ಲಿ ಗೆಳತಿಯ ಜೊತೆ ನಿಂತೆ ಅನ್ನುವುದಕ್ಕೆ ಮಾತ್ರ ಇದು ಬೇಡ, ಅಲ್ಲಿ ‘ಸಪೋರ್ಟ್’ ಪದವೇ ಸರಿ. ಸ್ಪೆಲಿಂಗ್‌ನಲ್ಲಿ ಟಿ ಎರಡು, ಕೊನೆಗೆ ಎಸ್ ಎರಡು.